ದೇಶ ಸುತ್ತುವ ಖರ್ಚು, ಕೋಶ ಓದುವ ಖರ್ಚು

ವಿದೇಶದಲ್ಲಿ ಓದುವ ಮಕ್ಕಳ ವಾರಾಂತ್ಯದ ಸಾಹಸ ಪ್ರವಾಸ: ಪೋಷಕ ವ್ಯಾಪಾರಿಗಳಿಗೆ ಕೆಲವು ಲೆಕ್ಕಾಚಾರ

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರ ಮಾತು. ವಿದೇಶದಲ್ಲಿ ಓದುತ್ತಿರುವ ಇಂದಿನ ವಿದ್ಯಾರ್ಥಿಯು ಇವೆರಡನ್ನೂ ಒಂದೇ ವಾರದಲ್ಲಿ ಮಾಡಿ ಮುಗಿಸುತ್ತಾನೆ. ಸೋಮವಾರದಿಂದ ಶುಕ್ರವಾರದವರೆಗೆ ಕೋಶ, ಶನಿವಾರ ಮತ್ತು ಭಾನುವಾರ ದೇಶ. ಬೆಟ್ಟ ಹತ್ತುವುದು, ಹಿಮದ ಮೇಲೆ ಜಾರುವುದು, ನದಿಯಲ್ಲಿ ದೋಣಿ ನಡೆಸುವುದು ಅಲ್ಲಿಯ ವಿದ್ಯಾರ್ಥಿ ಜೀವನದ ಸಹಜ ಭಾಗಗಳು. ಆದರೆ ಓದಿನ ಖರ್ಚಾಗಲಿ, ಸುತ್ತಾಟದ ಖರ್ಚಾಗಲಿ ಹೊರಡುವುದು ಊರಿನ ಒಂದೇ ತಿಜೋರಿಯಿಂದ. ಆ ತಿಜೋರಿ ಬಹುಮಟ್ಟಿಗೆ ಅಂಗಡಿಯದು ಅಥವಾ ಸಣ್ಣ ಕಾರ್ಖಾನೆಯದು. ಆದುದರಿಂದ ಈ ವಿಷಯವು ವಾಣಿಜ್ಯ ಪತ್ರಿಕೆಯ ಓದುಗರಿಗೂ ಸಂಬಂಧಿಸಿದ್ದೇ ಆಗಿದೆ.

ವಿವರಣೆಯ ಅನುಕೂಲಕ್ಕಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಡೂರು ತಾಲ್ಲೂಕಿನ ಸಿಂಗಟಗೆರೆಯ ಒಬ್ಬ ತೆಂಗಿನಕಾಯಿ ವ್ಯಾಪಾರಿ. ಸ್ವಲ್ಪ ತೋಟ, ಒಂದು ಗೋದಾಮು, ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ ಖಾತೆ ಇವೆ. ಇಂಜಿನಿಯರಿಂಗ್ ಮುಗಿಸಿದ ಮಗ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಜರ್ಮನಿಗೆ ಹೊರಟಿದ್ದಾನೆ.

ಮೊದಲು ಮೂಲಧನದ ಮಾತು

ತೋಟವಿದೆಯಲ್ಲ, ಅದನ್ನು ಅಡವಿಟ್ಟು ಶಿಕ್ಷಣ ಸಾಲ ಪಡೆಯೋಣ ಎಂದು ತಂದೆ ಯೋಚಿಸುವುದು ಸಹಜ. ಆದರೆ 2002ರ ಸರ್ಫೇಸಿ ಕಾಯಿದೆಯು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಸಾಲ ತೀರದಿದ್ದರೆ ಆ ಕಾಯಿದೆಯಡಿ ತೋಟವನ್ನು ವಶಪಡಿಸಿಕೊಳ್ಳಲು ಸಾಧ್ಯವಿಲ್ಲದ ಕಾರಣ ಬ್ಯಾಂಕುಗಳು ಅದನ್ನು ಭದ್ರತೆಯಾಗಿ ಸ್ವೀಕರಿಸಲು ಹಿಂಜರಿಯುತ್ತವೆ. ಕೊನೆಗೆ ಭದ್ರತೆಗೆ ಹೋಗುವುದು ಮನೆ ಅಥವಾ ಗೋದಾಮು. ಮುಂದೊಂದು ದಿನ ವ್ಯಾಪಾರದ ಸಾಲದ ಮಿತಿಯನ್ನು ಹೆಚ್ಚಿಸಬೇಕಾದಾಗ ಕೊಡಲು ಬೇರೆ ಆಸ್ತಿ ಉಳಿದಿರುವುದಿಲ್ಲ. ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನ ಇದನ್ನು ಯೋಚಿಸಬೇಕು.

ಎರಡನೆಯದಾಗಿ, ಬ್ಯಾಂಕುಗಳ ಸಂಘದ ಮಾದರಿ ಯೋಜನೆಯ ಪ್ರಕಾರ 4 ಲಕ್ಷ ರೂಪಾಯಿ ಮೀರಿದ ವಿದೇಶ ವ್ಯಾಸಂಗ ಸಾಲದಲ್ಲಿ ಶೇಕಡ 15ರಷ್ಟು ಹಣವನ್ನು ಕುಟುಂಬವೇ ಹಾಕಬೇಕು. ಈ ಹಣವನ್ನು ಅನೇಕರು ಕ್ಯಾಶ್ ಕ್ರೆಡಿಟ್ ಖಾತೆಯಿಂದ ತೆಗೆಯುತ್ತಾರೆ. ಮಗನ ಶುಲ್ಕವಾಗಲಿ ಪ್ರವಾಸವಾಗಲಿ ವ್ಯಾಪಾರದ ಖರ್ಚಲ್ಲ. ಅದು ಮಾಲೀಕನ ಸ್ವಂತ ಹಿಂತೆಗೆತ. ಬಂಡವಾಳ ಖಾತೆಗೆ ಖರ್ಚು ಬರೆಯಬೇಕೇ ಹೊರತು ಪ್ರಯಾಣ ವೆಚ್ಚದ ತಲೆಬರಹಕ್ಕಲ್ಲ. ಸಾಲದ ಖಾತೆಯಿಂದಲೇ ತೆಗೆದಿದ್ದರೆ ಅಷ್ಟರಮಟ್ಟಿನ ಬಡ್ಡಿಯನ್ನು ತೆರಿಗೆ ಅಧಿಕಾರಿಗಳು ವ್ಯಾಪಾರದ ವೆಚ್ಚವೆಂದು ಒಪ್ಪುವುದಿಲ್ಲ. ಕೊಬ್ಬರಿ ಕೊಳ್ಳಲು ಇಟ್ಟ ಹಣ ಆಲ್ಪ್ಸ್ ಪರ್ವತ ಹತ್ತಿದರೆ, ಸುಗ್ಗಿಯಲ್ಲಿ ಮಾಲು ಕೊಳ್ಳಲು ಹಣ ಸಾಲದೆ ಹೋಗುತ್ತದೆ ಎಂಬುದು ತೆರಿಗೆಗಿಂತ ದೊಡ್ಡ ಚಿಂತೆ.

ಶಿಕ್ಷಣ ಸಾಲದ ಬಡ್ಡಿಗೆ 1961ರ ಕಾಯಿದೆಯ 80ಇ ಕಲಮಿನ ಮೂಲಕ ಪರಿಚಿತವಾದ ಕಡಿತವು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ದೊರೆಯುತ್ತದೆ ಎಂಬುದೂ ಗಮನದಲ್ಲಿರಲಿ.

ತಿಂಗಳಿಗೆ 992 ಯೂರೋ

ಜರ್ಮನಿಗೆ ಹೋಗುವ ವಿದ್ಯಾರ್ಥಿಯು ತನ್ನ ಜೀವನ ನಿರ್ವಹಣೆಗೆ ಹಣವಿದೆಯೆಂದು ತೋರಿಸಲು ಸಾಮಾನ್ಯವಾಗಿ ನಿರ್ಬಂಧಿತ ಖಾತೆಯೊಂದನ್ನು ತೆರೆಯುತ್ತಾನೆ. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು ವರ್ಷಕ್ಕೆ 11,904 ಯೂರೋ ಎಂದು ನಿಗದಿಪಡಿಸಲಾಯಿತು. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಬಿಡುಗಡೆಯಾಗುತ್ತದೆ. ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲವೂ ಇದರಲ್ಲಿಯೇ ಆಗಬೇಕು. ಉಳಿದದ್ದು ವಾರಾಂತ್ಯಕ್ಕೆ. ಒಂದು ರೀತಿಯಲ್ಲಿ ಇದು ಜರ್ಮನ್ ಸರ್ಕಾರವೇ ಹಾಕಿಕೊಟ್ಟ ಆಯವ್ಯಯ ಪಟ್ಟಿ. ತಂದೆಯಾದವನು ಇದರ ಮೇಲೆ ಪ್ರತ್ಯೇಕವಾಗಿ ಹಣ ಕಳಿಸುವ ಅಭ್ಯಾಸ ಮಾಡದಿರುವುದೇ ಲೇಸು.

ಆದರೂ ಮಗ ಸುತ್ತುತ್ತಾನೆ. ಅದನ್ನು ದುಂದುಗಾರಿಕೆ ಎಂದು ಭಾವಿಸಬೇಕಾಗಿಲ್ಲ. ಜರ್ಮನಿಯಲ್ಲಿ ಭಾನುವಾರ ಕಾನೂನಿನ ಪ್ರಕಾರ ಬಹುತೇಕ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ. ಊರು ನಿಶ್ಶಬ್ದವಾಗುತ್ತದೆ. ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ಕುಳಿತ ಹುಡುಗನಿಗೆ ಗೆಳೆಯರೊಡನೆ ಬೆಟ್ಟಕ್ಕೆ ಹೋಗುವುದು ವಿಲಾಸವಲ್ಲ, ಮನಸ್ಸಿನ ಆರೋಗ್ಯಕ್ಕೆ ಬೇಕಾದ ಔಷಧ. ಪ್ರಯಾಣವೂ ದುಬಾರಿಯಲ್ಲ. ದೇಶದಾದ್ಯಂತ ಪ್ರಾದೇಶಿಕ ರೈಲು, ಬಸ್ಸುಗಳಲ್ಲಿ ಓಡಾಡಲು 2023ರ ಮೇ ತಿಂಗಳಲ್ಲಿ 49 ಯೂರೋ ದರದಲ್ಲಿ ಮಾಸಿಕ ಟಿಕೆಟ್ ಆರಂಭವಾಯಿತು. ದರ ಅನಂತರ ಏರಿದೆಯಾದರೂ, ಅನೇಕ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಗೆ ರಿಯಾಯಿತಿ ದರದಲ್ಲಿ ಅದನ್ನು ಒದಗಿಸುತ್ತವೆ. ಮ್ಯೂನಿಕ್‌ನಲ್ಲಿ ಓದುವವನು ಅದೇ ಟಿಕೆಟ್ಟಿನಲ್ಲಿ, ಜರ್ಮನಿಯ ಅತಿ ಎತ್ತರದ ಶಿಖರವಾದ 2,962 ಮೀಟರಿನ ತ್ಸುಗ್‌ಸ್ಪಿಟ್ಸೆಯ ಬುಡದಲ್ಲಿರುವ ಗಾರ್ಮಿಶ್ ಪಟ್ಟಣಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು.

ಖರ್ಚು ಏರುವುದು ಗಡಿ ದಾಟಿದಾಗ, ಸಲಕರಣೆ ಕೊಂಡಾಗ, ವಿಮಾನ ಹತ್ತಿದಾಗ. ಜರ್ಮನಿಯ ವಾಸದ ಪರವಾನಗಿ ಇದ್ದವರು ಷೆಂಗೆನ್ ಒಪ್ಪಂದದ ಉಳಿದ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ವೀಸಾ ಇಲ್ಲದೆ ಇರಬಹುದು. ಬ್ರಿಟನ್ನಿನಲ್ಲಿ ಓದುವವನಿಗೆ ಈ ಸೌಲಭ್ಯವಿಲ್ಲ. ಲಂಡನ್ನಿನಿಂದ ಪ್ಯಾರಿಸ್ಸಿಗೆ ಎರಡು ದಿನ ಹೋಗಲೂ ಪ್ರತ್ಯೇಕ ವೀಸಾ ಬೇಕು.

ಪ್ರವಾಸದ ಖರ್ಚನ್ನು ದುಡಿದು ತುಂಬಿಸಿಕೊಳ್ಳುತ್ತೇನೆ ಎನ್ನುವ ಮಗನಿಗೆ ಮಿತಿಯನ್ನು ತಿಳಿಸಿಡಬೇಕು. ಜರ್ಮನಿಯಲ್ಲಿ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸಕ್ಕೆ ಅವಕಾಶವಿದೆ. ಈ ಮಿತಿ ಮೀರಿದರೆ ಅಪಾಯಕ್ಕೆ ಸಿಲುಕುವುದು ಇಡೀ ವ್ಯಾಸಂಗವೇ.

ಹಣ ಕಳಿಸುವಾಗ

ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯು 2004ರ ಫೆಬ್ರವರಿಯಲ್ಲಿ 25,000 ಡಾಲರ್ ಮಿತಿಯೊಂದಿಗೆ ಆರಂಭವಾಯಿತು. 2015ರಿಂದ ಮಿತಿ ವರ್ಷಕ್ಕೆ 2,50,000 ಡಾಲರ್ ಆಗಿದೆ. ನಮ್ಮ ಓದುಗರಿಗೆ ತೊಡಕಾಗುವುದು ಮಿತಿಯಲ್ಲ, ಮೂಲದಲ್ಲಿ ವಸೂಲಾಗುವ ತೆರಿಗೆ. 2025ರ ಏಪ್ರಿಲ್ 1ರಿಂದ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ರವಾನೆಗೆ ಇದು ಅನ್ವಯಿಸಿತು. 2025-26ರ ಸಾಲಿನಲ್ಲಿ ಸ್ವಂತ ಹಣದಿಂದ ಶಿಕ್ಷಣಕ್ಕೆ ಕಳಿಸಿದರೆ ಮೀರಿದ ಮೊತ್ತಕ್ಕೆ ಶೇಕಡ 5, ಇತರ ಹಲವು ಉದ್ದೇಶಗಳಿಗೆ ಶೇಕಡ 20 ಎಂದಿತ್ತು. ನಿಗದಿತ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳಿಸಿದರೆ ತೆರಿಗೆಯೇ ಇಲ್ಲ. ದರಗಳು ಬಜೆಟ್ಟಿನೊಂದಿಗೆ ಬದಲಾಗುವುದರಿಂದ ಹಣ ಕಳಿಸುವ ದಿನದ ದರವನ್ನು ಬ್ಯಾಂಕಿನಲ್ಲಿ ಕೇಳಿಯೇ ಮುಂದುವರಿಯಬೇಕು.

ಲೆಕ್ಕಕ್ಕಾಗಿ ಯೂರೋ ಒಂದಕ್ಕೆ 100 ರೂಪಾಯಿ ಎಂದು ಹಿಡಿದರೆ 11,904 ಯೂರೋ ಎಂದರೆ 11,90,400 ರೂಪಾಯಿ. ಮಿತಿ ಮೀರಿದ್ದು 1,90,400. ಮೇಲಿನ ದರಗಳಲ್ಲಿ, ನಮೂನೆಯಲ್ಲಿ ಶಿಕ್ಷಣದ ಉದ್ದೇಶ ನಮೂದಿಸಿದ್ದರೆ ವಸೂಲಾಗುವುದು 9,520 ರೂಪಾಯಿ. ಅರಿಯದೆ ಉಡುಗೊರೆ ಅಥವಾ ಬಂಧುಗಳ ಪೋಷಣೆ ಎಂದು ಬರೆದಿದ್ದರೆ 38,080 ರೂಪಾಯಿ. ಈ ಮೊತ್ತ ನಷ್ಟವಲ್ಲ, ಕಳಿಸಿದವರ ತೆರಿಗೆ ಲೆಕ್ಕಕ್ಕೆ ಜಮೆಯಾಗುತ್ತದೆ. ಆದರೂ ರಿಟರ್ನ್ ಸಲ್ಲಿಸುವವರೆಗೆ ವ್ಯಾಪಾರದ ಹಣ ಸರ್ಕಾರದ ಬಳಿ ನಿಂತಿರುತ್ತದೆ. 2023ರಲ್ಲಿ ಪ್ರತ್ಯಕ್ಷ ತೆರಿಗೆ ಮಂಡಳಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಬೋಧನಾ ಶುಲ್ಕ, ಹೋಗಿಬರುವ ವಿಮಾನ ಟಿಕೆಟ್ ಮತ್ತು ವ್ಯಾಸಂಗಕ್ಕೆ ಅಗತ್ಯವಾದ ದೈನಂದಿನ ವೆಚ್ಚಗಳು ಶಿಕ್ಷಣದ ಉದ್ದೇಶದಲ್ಲಿ ಸೇರುತ್ತವೆ. ಹಿಮದ ಮೇಲೆ ಜಾರುವುದು ವ್ಯಾಸಂಗಕ್ಕೆ ಅಗತ್ಯ ಎಂದು ವಾದಿಸುವುದು ಕಷ್ಟ. ಪ್ರವಾಸಕ್ಕಾಗಿಯೇ ಹಣ ಕಳಿಸುವುದಾದರೆ ಅದನ್ನು ಪ್ರವಾಸವೆಂದೇ ನಮೂದಿಸುವುದು ಕ್ಷೇಮ.

ಇನ್ನೊಂದು ವಿಚಾರ ಬಹಳ ಮಂದಿಗೆ ತಿಳಿದಿಲ್ಲ. ವ್ಯಾಸಂಗಕ್ಕಾಗಿ ಹೊರದೇಶಕ್ಕೆ ಹೋದ ವಿದ್ಯಾರ್ಥಿಯನ್ನು ವಿದೇಶಿ ವಿನಿಮಯ ಕಾನೂನಿನ ದೃಷ್ಟಿಯಲ್ಲಿ ಅನಿವಾಸಿಯೆಂದು ಪರಿಗಣಿಸಬೇಕೆಂದು ರಿಸರ್ವ್ ಬ್ಯಾಂಕ್ 2003ರ ಡಿಸೆಂಬರಿನಲ್ಲೇ ಸ್ಪಷ್ಟಪಡಿಸಿದೆ. ಮಗನ ಹೆಸರಿನಲ್ಲಿ ಊರಿನಲ್ಲಿರುವ ಉಳಿತಾಯ ಖಾತೆಯನ್ನು ಅನಿವಾಸಿ ಸಾಮಾನ್ಯ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು.

ಮುಳ್ಳಯ್ಯನಗಿರಿ ಕಂಡವನ ಭ್ರಮೆ

ಹಣಕ್ಕಿಂತ ಹೆಚ್ಚಿನದೊಂದು ಪಣದಲ್ಲಿದೆ. ನಮ್ಮ ಜಿಲ್ಲೆಯ ಹುಡುಗನಿಗೆ ಬೆಟ್ಟವೆಂದರೆ ಹೊಸದಲ್ಲ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯನ್ನು ಅವನು ನೋಡಿದ್ದಾನೆ. ಅದರ ಎತ್ತರ ಸುಮಾರು 1,930 ಮೀಟರ್. ಬ್ರಿಟನ್ನಿನ ಅತಿ ಎತ್ತರದ ಬೆನ್ ನೆವಿಸ್ ಕೇವಲ 1,345 ಮೀಟರ್. ಇಷ್ಟೇ ತಾನೆ ಎನ್ನಿಸುತ್ತದೆ. ಆದರೆ ಮುಳ್ಳಯ್ಯನಗಿರಿಯಲ್ಲಿ ಶಿಖರದ ಸಮೀಪದವರೆಗೆ ವಾಹನ ಹೋಗುತ್ತದೆ; ಹತ್ತಬೇಕಾದದ್ದು ಉಳಿದ ಮೆಟ್ಟಿಲುಗಳನ್ನು ಮಾತ್ರ. ಬೆನ್ ನೆವಿಸ್‌ನಲ್ಲಿ ಬಹುತೇಕ ಸಮುದ್ರ ಮಟ್ಟದಿಂದಲೇ ನಡೆಯಬೇಕು. ಮೇಲೆ ವರ್ಷದ ಬಹುಕಾಲ ಹಿಮ, ಮಂಜು, ಬಿರುಗಾಳಿ. ಎತ್ತರದ ಅಂಕಿ ನೋಡಿ ಅಪಾಯವನ್ನು ಅಳೆಯುವುದು, ವಹಿವಾಟಿನ ಮೊತ್ತ ನೋಡಿ ಲಾಭವನ್ನು ಅಳೆದಂತೆ.

ನೀರಿನ ವಿಷಯವೂ ಹಾಗೆಯೇ. ಕೆರೆ, ಬಾವಿಯಲ್ಲಿ ಈಜು ಕಲಿತವನಿಗೆ ಅತಿ ತಣ್ಣನೆಯ ನೀರಿನ ಪರಿಚಯವಿರುವುದಿಲ್ಲ. ಹಠಾತ್ತನೆ ಅಂಥ ನೀರಿಗೆ ಬಿದ್ದಾಗ ದೇಹವು ತಾನಾಗಿಯೇ ಏದುಸಿರು ಬಿಡುತ್ತದೆ, ಆಗ ನೀರು ಶ್ವಾಸನಾಳ ಸೇರಬಹುದು. ಸ್ವಲ್ಪ ಹೊತ್ತಿನಲ್ಲೇ ಕೈಕಾಲುಗಳು ಶಕ್ತಿ ಕಳೆದುಕೊಳ್ಳುತ್ತವೆ. ಚೆನ್ನಾಗಿ ಈಜುವವನೂ ಇದಕ್ಕೆ ಹೊರತಲ್ಲ. 2024ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡಿನ ಲಿನ್ ಆಫ್ ಟಮೆಲ್ ಎಂಬ ರಮ್ಯ ಜಲಧಾರೆಯಲ್ಲಿ, ಗೆಳೆಯರೊಡನೆ ಚಾರಣಕ್ಕೆ ಹೋಗಿದ್ದ ಡಂಡಿ ವಿಶ್ವವಿದ್ಯಾಲಯದ ಇಬ್ಬರು ಭಾರತೀಯ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಜೂನ್‌ನಲ್ಲಿ ರಷ್ಯಾದ ವೊಲ್ಖೊವ್ ನದಿಯಲ್ಲಿ ನಾಲ್ವರು ಭಾರತೀಯ ವೈದ್ಯ ವಿದ್ಯಾರ್ಥಿಗಳು ಮುಳುಗಿ ಮೃತಪಟ್ಟರು. ಹೆತ್ತವರ ಈ ನಷ್ಟವನ್ನು ಯಾವ ಲೆಕ್ಕದ ಪುಸ್ತಕವೂ ತುಂಬಿಕೊಡದು.

ವಿಮೆಯ ಸಣ್ಣ ಅಕ್ಷರಗಳು

ಗೋದಾಮಿನ ವಿಮೆಯ ಷರತ್ತುಗಳನ್ನು ಎಚ್ಚರಿಕೆಯಿಂದ ಓದುವ ವ್ಯಾಪಾರಿಯು ಮಗನ ವಿಮಾ ಪತ್ರವನ್ನು ಓದಿರುವುದಿಲ್ಲ. ಇಲ್ಲಿ ಕೊಳ್ಳುವ ವಿದ್ಯಾರ್ಥಿ ವಿಮೆಗಳು ಅನೇಕವೇಳೆ ಸಾಹಸ ಕ್ರೀಡೆಯನ್ನು ಹೊರಗಿಟ್ಟಿರುತ್ತವೆ. ಹೆಚ್ಚುವರಿ ಕಂತು ಕಟ್ಟಿದರೆ ಮಾತ್ರ ರಕ್ಷಣೆ ದೊರೆಯುತ್ತದೆ. ರಕ್ಷಣಾ ಕಾರ್ಯದ ವೆಚ್ಚವೂ ದೇಶದಿಂದ ದೇಶಕ್ಕೆ ಭಿನ್ನ. ಬ್ರಿಟನ್ನಿನಲ್ಲಿ ಪರ್ವತ ರಕ್ಷಣಾ ದಳಗಳು ಸ್ವಯಂಸೇವಕರವು, ಶುಲ್ಕವಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹೆಲಿಕಾಪ್ಟರ್ ಬಂದರೆ ಅದರ ಬಿಲ್ಲು ಗಾಯಾಳುವಿಗೆ ಅಥವಾ ಅವನ ವಿಮಾ ಕಂಪನಿಗೆ ಬರುತ್ತದೆ. ನ್ಯೂಜಿಲೆಂಡಿನಲ್ಲಿ 1974ರಿಂದ ಇರುವ ಅಪಘಾತ ಪರಿಹಾರ ವ್ಯವಸ್ಥೆಯು ವಿದೇಶಿಯರ ಗಾಯದ ಚಿಕಿತ್ಸೆಗೂ ನೆರವಾಗುತ್ತದೆ. ಊರಿಗೆ ಮರಳಿ ತರುವ ವೆಚ್ಚಕ್ಕೆ ಪ್ರತ್ಯೇಕ ವಿಮೆಯೇ ಬೇಕು. ಜರ್ಮನಿಯ ಶಾಸನಬದ್ಧ ಆರೋಗ್ಯ ವಿಮೆಯೂ ಭಾರತಕ್ಕೆ ಮರಳಿ ಕರೆತರುವ ವೆಚ್ಚವನ್ನು ಕೊಡುವುದಿಲ್ಲ.

ಮನೆಯಲ್ಲಿ ತೀರ್ಮಾನವಾಗಬೇಕಾದದ್ದು

ಪ್ರವಾಸವನ್ನೇ ನಿಷೇಧಿಸುವುದು ಪರಿಹಾರವಲ್ಲ. ನಿಷೇಧಿಸಿದರೆ ಮಗ ಹೋಗುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ. ಹೇಳದೆ ಹೋದ ಮಗ ಎಲ್ಲಿದ್ದಾನೆಂಬುದು ಅವಘಡವಾದಾಗ ಯಾರಿಗೂ ತಿಳಿದಿರುವುದಿಲ್ಲ. ಆದುದರಿಂದ ಹೊರಡುವ ಮುನ್ನವೇ ಮನೆಯವರೆಲ್ಲ ಕುಳಿತು ಕೆಲವು ವಿಷಯಗಳನ್ನು ಗೊತ್ತುಪಡಿಸಿಕೊಳ್ಳುವುದು ಒಳಿತು.

1. ವರ್ಷದ ವೆಚ್ಚದಲ್ಲಿ ಪ್ರವಾಸಕ್ಕೆ ಒಂದು ಮೊತ್ತವನ್ನು ಮೊದಲೇ ಎತ್ತಿಡುವುದು. ಅದನ್ನು ಕ್ಯಾಶ್ ಕ್ರೆಡಿಟ್ ಖಾತೆಯಿಂದ ತೆಗೆಯದಿರುವುದು.

2. ಸಾಹಸ ಕ್ರೀಡೆ, ಪರ್ವತ ರಕ್ಷಣೆ ಮತ್ತು ಸ್ವದೇಶಕ್ಕೆ ಮರಳಿಸುವ ವೆಚ್ಚ, ಈ ಮೂರೂ ವಿಮೆಯಲ್ಲಿವೆಯೇ ಎಂದು ಲಿಖಿತವಾಗಿ ಕೇಳಿ ತಿಳಿಯುವುದು.

3. ಮೊದಲ ಕೆಲವು ಚಾರಣಗಳನ್ನು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ ಅಥವಾ ಪರ್ವತಾರೋಹಣ ಸಂಘದ ಜೊತೆಯಲ್ಲಿಯೇ ಮಾಡುವುದು.

4. ಹೋಗುವ ಸ್ಥಳ, ಜೊತೆಗಾರರ ದೂರವಾಣಿ ಮತ್ತು ಮರಳುವ ಸಮಯವನ್ನು ಮನೆಗೆ ತಿಳಿಸುವುದು. ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು.

ನಾಲ್ಕನೆಯದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಆದರೆ ಮಗ ಅದನ್ನು ಪಾಲಿಸಬೇಕಾದರೆ, 'ಈ ವಾರ ಬೆಟ್ಟಕ್ಕೆ ಹೋಗುತ್ತಿದ್ದೇನೆ ಅಪ್ಪಾಜಿ' ಎಂದು ಅವನು ಹೇಳಿದಾಗ ಮೊದಲು 'ಎಷ್ಟು ಖರ್ಚು?' ಎಂದು ಕೇಳದೆ 'ಯಾರ ಜೊತೆ, ಯಾವಾಗ ವಾಪಸು?' ಎಂದು ಕೇಳುವ ಅಭ್ಯಾಸವನ್ನು ತಂದೆಯಾದವನು ಬೆಳೆಸಿಕೊಳ್ಳಬೇಕು. ಖರ್ಚಿನ ಪ್ರಶ್ನೆಯನ್ನು ತಿಂಗಳ ಕೊನೆಯಲ್ಲಿ ಲೆಕ್ಕ ನೋಡುವಾಗ ಕೇಳಿದರೂ ತಡವಾಗುವುದಿಲ್ಲ.