ಚರ್ಚಿಲ್ ತೆತ್ತ ಪಕ್ಷಾಂತರದ ಬೆಲೆ

ವಿನ್‌ಸ್ಟನ್ ಚರ್ಚಿಲ್ ಅವರನ್ನು ನಾವು ಎರಡನೆಯ ಮಹಾಯುದ್ಧದ ಪ್ರಧಾನಿಯಾಗಿ, ಇಲ್ಲವೇ ಗಾಂಧೀಜಿಯವರನ್ನು ಹೀಗಳೆದ ಸಾಮ್ರಾಜ್ಯವಾದಿಯಾಗಿ ಬಲ್ಲೆವು. ಅವರು ಎರಡು ಬಾರಿ ಪಕ್ಷ ಬದಲಿಸಿದವರು, ಐದು ಬಾರಿ ಚುನಾವಣೆಯಲ್ಲಿ ಸೋತವರು ಎಂಬುದು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪಕ್ಷಾಂತರವೆಲ್ಲ ಅಧಿಕಾರದಾಸೆ ಎನ್ನುವವರೂ, ಅದನ್ನು ಆತ್ಮಸಾಕ್ಷಿಯ ಕರೆಯೆಂದು ಸಮರ್ಥಿಸುವವರೂ ಈ ವೃತ್ತಾಂತವನ್ನು ಗಮನಿಸಬೇಕು. ಇದರಲ್ಲಿ ಎರಡೂ ಬೆರೆತಿವೆ. ಜೊತೆಗೆ ಭಾರತದ ಬಟ್ಟೆ ಮತ್ತು ಸೆಣಬಿನ ಲೆಕ್ಕವೂ ಇದೆ.

ಚರ್ಚಿಲ್ ಮೊದಲು ಸ್ಪರ್ಧಿಸಿದ್ದು ಲ್ಯಾಂಕಾಷೈರ್ ಪ್ರಾಂತದ ಹತ್ತಿ ಗಿರಣಿಗಳ ಪಟ್ಟಣವಾದ ಓಲ್ಡಂನಲ್ಲಿ. 1899ರ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಅಭ್ಯರ್ಥಿಯಾಗಿ ಸೋತರು. ಬೋಯರ್ ಯುದ್ಧದಲ್ಲಿ ಸೆರೆಸಿಕ್ಕು ತಪ್ಪಿಸಿಕೊಂಡು ಬಂದ ಕೀರ್ತಿಯೊಡನೆ 1900ರಲ್ಲಿ ಗೆದ್ದರು. ಆಗ ಅವರಿಗೆ 25 ವರ್ಷ. 1903ರಲ್ಲಿ ಅದೇ ಪಾಳಯದ ಹಿರಿಯ ಸಚಿವ ಜೋಸೆಫ್ ಚೇಂಬರ್ಲೇನ್, ವಿದೇಶಿ ಸರಕಿಗೆ ಸುಂಕ ವಿಧಿಸಿ ಸಾಮ್ರಾಜ್ಯದ ವಸಾಹತುಗಳಿಗೆ ರಿಯಾಯಿತಿ ನೀಡಬೇಕೆಂಬ ವಾದವನ್ನು ಮುಂದಿಟ್ಟರು. ಅಮೆರಿಕದಿಂದ ಹತ್ತಿ ತರಿಸಿ, ನೂತು ನೇಯ್ದು, ಹೊರದೇಶಗಳಿಗೆ, ಅದರಲ್ಲೂ ಮುಖ್ಯವಾಗಿ ಭಾರತಕ್ಕೆ ಮಾರಿ ಬದುಕುತ್ತಿದ್ದ ಲ್ಯಾಂಕಾಷೈರ್‌ಗೆ ಇದು ಗಂಡಾಂತರವಾಗಿ ಕಂಡಿತು. ವಿದೇಶಿ ಗೋಧಿಯ ಮೇಲೆ ಸುಂಕ ಬಿದ್ದರೆ ಕಾರ್ಮಿಕನ ರೊಟ್ಟಿಯ ಬೆಲೆಯೂ ಏರುವುದು ಖಚಿತವಿತ್ತು.

ಚರ್ಚಿಲ್ ಮುಕ್ತ ವ್ಯಾಪಾರದ ಪರವಾಗಿ ನಿಂತರು. ಓಲ್ಡಂನ ಪಕ್ಷ ಸಂಘ ಅವರಲ್ಲಿ ಅವಿಶ್ವಾಸ ವ್ಯಕ್ತಪಡಿಸಿತು. ರಾಜೀನಾಮೆ ಕೊಟ್ಟು ಉಪಚುನಾವಣೆ ಎದುರಿಸಲು ಸಿದ್ಧನೆಂದು ಅವರು ಹೇಳಿದಾಗ ಹಿಂಜರಿದದ್ದು ಸಂಘವೇ. 1904ರ ಮೇ 31ರಂದು ಅವರು ಲಿಬರಲ್ ಸದಸ್ಯರ ಸಾಲಿಗೆ ಹೋಗಿ ಕುಳಿತರು. 1906ರಲ್ಲಿ ವಾಯವ್ಯ ಮ್ಯಾಂಚೆಸ್ಟರ್‌ನಲ್ಲಿ ಲಿಬರಲ್ ಆಗಿ ಗೆದ್ದರು. ಅದೇ ನಗರದ ಮತ್ತೊಂದು ಕ್ಷೇತ್ರದಲ್ಲಿ ಕನ್ಸರ್ವೇಟಿವ್ ನಾಯಕ ಬಾಲ್ಫೋರ್ ಅವರೇ ಸೋತರು. ಚರ್ಚಿಲ್‌ಗೆ 1905ರ ಡಿಸೆಂಬರಿನಲ್ಲೇ ವಸಾಹತು ಖಾತೆಯ ಉಪಸಚಿವ ಪದವಿ ದೊರೆತಿತ್ತಾದ್ದರಿಂದ, ಅವಕಾಶವಾದಿಯೆಂಬ ಟೀಕೆ ಬರದೆ ಇರಲಿಲ್ಲ. ಆದರೂ ಈ ಮೊದಲ ಪಕ್ಷಾಂತರದ ಹಿಂದೆ ಒಂದು ನಿಲುವಿತ್ತು ಎಂದೇ ನನ್ನ ಅಭಿಪ್ರಾಯ.

ಆ ನಿಲುವಿನ ಎಲ್ಲೆ ಎಲ್ಲಿಯವರೆಗೆ ಎಂಬುದು ಬೇರೆ ಮಾತು. 1896ರಿಂದ ಭಾರತಕ್ಕೆ ಬರುವ ಗಿರಣಿ ಬಟ್ಟೆಯ ಮೇಲೆ ಶೇ 3.5 ಆಮದು ಸುಂಕವಿತ್ತು. ಲ್ಯಾಂಕಾಷೈರ್‌ನ ಒತ್ತಡಕ್ಕೆ ಮಣಿದು, ಭಾರತದ ಗಿರಣಿಗಳು ನೇಯ್ದ ಬಟ್ಟೆಯ ಮೇಲೂ ಅಷ್ಟೇ ಉತ್ಪಾದನಾ ಸುಂಕ ಹೇರಲಾಗಿತ್ತು. ಮುಕ್ತ ವ್ಯಾಪಾರದ ಹೆಸರಿನಲ್ಲಿ ಮುಂಬಯಿಯ ಗಿರಣಿಗಳು ತೆರುತ್ತಿದ್ದ ತೆರಿಗೆ ಇದು. ಅದರ ಬಗ್ಗೆ ಓಲ್ಡಂನ ಮತದಾರನಿಗೆ ತಕರಾರಿರಲಿಲ್ಲ. ಮುಂಬಯಿಯ ಗಿರಣಿ ಕಾರ್ಮಿಕನಿಗೆ ಮತವಿರಲಿಲ್ಲ.

ಆ ಕಾಲದಲ್ಲಿ ಸಂಸತ್ ಸದಸ್ಯನು ಸಂಪುಟ ದರ್ಜೆಯ ಹುದ್ದೆ ಒಪ್ಪಿಕೊಂಡರೆ ಸಾಮಾನ್ಯವಾಗಿ ಮತ್ತೊಮ್ಮೆ ಮತದಾರರ ಬಳಿಗೆ ಹೋಗಬೇಕಿತ್ತು. (1926ರಲ್ಲಿ ಈ ನಿಯಮ ಸಂಪೂರ್ಣ ರದ್ದಾಯಿತು, ಒಳ್ಳೆಯ ನಿಯಮವಾಗಿತ್ತು.) 1908ರಲ್ಲಿ ಹೀಗೆ ಹೋದ ಚರ್ಚಿಲ್, ಮ್ಯಾಂಚೆಸ್ಟರ್‌ನಲ್ಲಿ 429 ಮತಗಳಿಂದ ಸೋತರು. ಕೆಲವೇ ದಿನಗಳಲ್ಲಿ ಸ್ಕಾಟ್ಲೆಂಡಿನ ಡಂಡೀ ಅವರನ್ನು ಆರಿಸಿ ಕಳಿಸಿತು.

ಡಂಡೀ ಬಂಗಾಳದ ಸೆಣಬನ್ನು ನೇಯ್ದು ಬದುಕಿದ ಊರು. ಕಲ್ಕತ್ತೆಯ ಗಿರಣಿಗಳು ಬಲಿತಂತೆಲ್ಲ ಅಲ್ಲಿನ ಕಾರ್ಮಿಕರ ಬದುಕು ಬಿಗಿಯಾಯಿತು. ಇಬ್ಬರು ಸದಸ್ಯರನ್ನು ಆರಿಸುತ್ತಿದ್ದ ಈ ಕ್ಷೇತ್ರದಲ್ಲಿ 1922ರಲ್ಲಿ ಚರ್ಚಿಲ್ ನಾಲ್ಕನೆಯ ಸ್ಥಾನಕ್ಕೆ ಕುಸಿದರು. ಕರುಳುಬಾಲದ ಶಸ್ತ್ರಚಿಕಿತ್ಸೆಯಿಂದ ನಿತ್ರಾಣರಾಗಿದ್ದ ಅವರು ಪ್ರಚಾರಕ್ಕೆ ಬಂದದ್ದೇ ಕಡೆಯ ದಿನಗಳಲ್ಲಿ. ಮೊದಲಿಗರಾಗಿ ಗೆದ್ದವರು ಪಾನನಿಷೇಧವಾದಿ ಎಡ್ವಿನ್ ಸ್ಕ್ರಿಮ್‌ಜರ್. 1908ರಲ್ಲಿ ಇದೇ ಚರ್ಚಿಲ್ ಎದುರು ಬರೀ 655 ಮತ ಪಡೆದಿದ್ದವರು! ಮತದ ಹಕ್ಕು ವಿಸ್ತರಣೆಯಾಗಿ ಕಾರ್ಮಿಕರ ಕೈಗೆ ಬಂದಿದ್ದುದರ ಪರಿಣಾಮವಿದು.

1923ರ ಡಿಸೆಂಬರಿನಲ್ಲಿ ಚರ್ಚಿಲ್ ಲಿಬರಲ್ ಆಗಿಯೇ, ಮುಕ್ತ ವ್ಯಾಪಾರದ ಹೆಸರಿನಲ್ಲೇ ಪಶ್ಚಿಮ ಲೆಸ್ಟರ್‌ನಲ್ಲಿ ನಿಂತು ಲೇಬರ್ ಪಕ್ಷದ ಪೆಥಿಕ್ ಲಾರೆನ್ಸ್ ಅವರಿಗೆ ಸೋತರು. 1946ರಲ್ಲಿ ಕ್ಯಾಬಿನೆಟ್ ನಿಯೋಗದ ನೇತೃತ್ವ ವಹಿಸಿ ಭಾರತಕ್ಕೆ ಬಂದವರು ಇದೇ ಲಾರೆನ್ಸ್. 1924ರ ಮಾರ್ಚಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆ ಉಪಚುನಾವಣೆಯಲ್ಲಿ ಸಮಾಜವಾದ ವಿರೋಧಿ ಪಕ್ಷೇತರರಾಗಿ ನಿಂತು, ಕನ್ಸರ್ವೇಟಿವ್ ಅಭ್ಯರ್ಥಿಯೆದುರು 43 ಮತಗಳಿಂದ ಸೋತರು. ಅಲ್ಲಿ ಮೂರನೆಯವರಾಗಿ ಬಂದವರು ಕಲ್ಕತ್ತೆಯಲ್ಲಿ ಹುಟ್ಟಿದ, ಭಾರತದ ಸ್ವಾತಂತ್ರ್ಯದ ಪರ ನಿಂತ ಫೆನ್ನರ್ ಬ್ರಾಕ್ವೇ.

ಎರಡನೆಯ ಪಕ್ಷಾಂತರಕ್ಕೆ ಬಾಗಿಲು ತೆರೆದವರು ಕನ್ಸರ್ವೇಟಿವ್ ನಾಯಕ ಬಾಲ್ಡ್‌ವಿನ್. 1923ರಲ್ಲಿ ರಕ್ಷಣಾ ಸುಂಕದ ಘೋಷಣೆಯೊಡನೆ ಚುನಾವಣೆಗೆ ಹೋಗಿ ಬಹುಮತ ಕಳೆದುಕೊಂಡ ಅವರು ಆ ಘೋಷಣೆಯನ್ನು ಬದಿಗಿಟ್ಟರು. ಸುಂಕದ ಕಾರಣಕ್ಕೆ ಹೊರಟವರಿಗೆ ಮರಳಲು ನೆಪ ಸಿಕ್ಕಿತು. ಅಷ್ಟರಲ್ಲಿ ಲಿಬರಲ್ ಪಕ್ಷ ಸೊರಗಿತ್ತೆಂಬುದನ್ನೂ ಮರೆಯಬಾರದು. 1924ರ ಅಕ್ಟೋಬರಿನಲ್ಲಿ ಎಪ್ಪಿಂಗ್‌ನಿಂದ ‘ಸಂವಿಧಾನವಾದಿ’ ಎಂಬ ಹಣೆಪಟ್ಟಿಯೊಡನೆ, ಕನ್ಸರ್ವೇಟಿವ್ ಬೆಂಬಲದಿಂದ ಗೆದ್ದ ಚರ್ಚಿಲ್, ನವೆಂಬರಿನಲ್ಲಿ ಹಣಕಾಸು ಸಚಿವರೇ ಆದರು. ಇಪ್ಪತ್ತು ವರ್ಷಗಳ ಹಿಂದಿನ ನಿರ್ಗಮನಕ್ಕಿದ್ದ ಘನತೆ ಈ ಪುನರಾಗಮನಕ್ಕಿರಲಿಲ್ಲ.

ಇನ್ನು ಅವರ ಪಾಲಿಗೆ ಲ್ಯಾಂಕಾಷೈರ್‌ನ ಮತ ಬೇಕಿರಲಿಲ್ಲ. ಎಪ್ಪಿಂಗ್ ಲಂಡನ್ ಸನಿಹದ ಭದ್ರ ಕ್ಷೇತ್ರ. 1931ರ ಫೆಬ್ರುವರಿಯಲ್ಲಿ ಗಾಂಧೀಜಿಯವರನ್ನು ‘ಅರೆಬೆತ್ತಲೆ ಫಕೀರ’ನೆಂದು ಜರೆದದ್ದು ಇಲ್ಲಿನ ಪಕ್ಷ ಕಾರ್ಯಕರ್ತರೆದುರು. 1925ರ ಏಪ್ರಿಲ್‌ನಲ್ಲಿ ಅವರು ಪೌಂಡನ್ನು ಯುದ್ಧಪೂರ್ವದ 4.86 ಡಾಲರ್ ದರದಲ್ಲೇ ಚಿನ್ನಕ್ಕೆ ಕಟ್ಟಿದರು. ಪೌಂಡಿನ ಮೌಲ್ಯವನ್ನು ಶೇ 10ರಷ್ಟು ಹಿಗ್ಗಿಸಿದಂತಾಯಿತೆಂದು ಕೇನ್ಸ್ ಕಟುವಾಗಿ ಟೀಕಿಸಿದರು. ಬ್ರಿಟನ್ನಿನ ರಫ್ತು ಸರಕು, ಓಲ್ಡಂನ ನೂಲೂ ಸೇರಿದಂತೆ, ಹೊರಗಿನ ಕೊಳ್ಳುಗನಿಗೆ ದುಬಾರಿಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಭಾರತದ ಗಿರಣಿ ಬಟ್ಟೆಯ ಮೇಲಿನ ಉತ್ಪಾದನಾ ಸುಂಕವನ್ನು ಭಾರತ ಸರ್ಕಾರ ತಡೆಹಿಡಿಯಿತು. ಮರುವರ್ಷ ಅದು ರದ್ದಾಯಿತು.