ಹಾಯಿಹಲಗೆಯ ಹದ

ಎತ್ತಿನ ಗಾಡಿಗೆ ಹೇರು ತುಂಬುವವನ ಜಾಣ್ಮೆಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಭಾರ ಮುಂದಾದರೆ ನೊಗ ಎತ್ತುಗಳ ಹೆಗಲನ್ನು ಅದುಮುವುದು; ಹಿಂದಾದರೆ ನೊಗವೇ ಮೇಲಕ್ಕೇಳುವುದು. ಹೇರಿನ ತೂಕ ಎರಡು ಸಂದರ್ಭಗಳಲ್ಲಿಯೂ ಒಂದೇ. ಅದು ಕುಳಿತ ಸ್ಥಳ ಮಾತ್ರ ಬೇರೆ. ಸಮುದ್ರದ ಮೇಲೆ ಗಂಟೆಗೆ 50 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಧಾವಿಸುವ ಹಾಯಿಹಲಗೆಯ ಸವಾರನಿಗೂ ಇದೇ ವಿದ್ಯೆ ಬೇಕೆಂದರೆ ಓದುಗರಿಗೆ ಸೋಜಿಗವೆನಿಸಬಹುದು.

ವಿಂಡ್‌ಸರ್ಫಿಂಗ್ ಎಂಬ ಈ ಆಟದ ಸಲಕರಣೆ ಸರಳವಾದುದು. ನಿಲ್ಲಲು ಒಂದು ಹಲಗೆ, ಅದರ ಮೇಲೊಂದು ಕಂಬ, ಕಂಬಕ್ಕೆ ಹಾಯಿ, ಸವಾರನ ಕೈಗೆ ಬೂಮ್ ಎಂಬ ಹಿಡಿಗೋಲು, ಹಲಗೆಯ ಹಿಂಭಾಗದ ಅಡಿಯಲ್ಲಿ ನೀರಿಗೆ ಇಳಿದ ಒಂದು ಈಜುರೆಕ್ಕೆ, ಇಷ್ಟೆ. ಚುಕ್ಕಾಣಿಯಿಲ್ಲ. ಕಂಬದ ಬುಡದಲ್ಲಿ ಎಲ್ಲ ದಿಕ್ಕಿಗೂ ಬಾಗುವ ಕೀಲೊಂದಿದೆ. ಇಂಥ ರಚನೆಗಾಗಿ ಕ್ಯಾಲಿಫೋರ್ನಿಯದ ಹಾಯ್ಲ್ ಶ್ವೈಟ್ಜರ್ ಮತ್ತು ವಿಮಾನ ಎಂಜಿನಿಯರ್ ಜಿಮ್ ಡ್ರೇಕ್ 1968ರಲ್ಲಿ ಪೇಟೆಂಟ್ ಕೋರಿ, 1970ರಲ್ಲಿ ಪಡೆದರು. 1984ರಲ್ಲಿ ಈ ಆಟ ಒಲಿಂಪಿಕ್ಸನ್ನು ಸೇರಿತು.

ಇದರ ಅತಿ ವೇಗದ ಪಂದ್ಯಗಳಲ್ಲಿ ಸ್ಲಾಲಮ್ ಒಂದು. ನೀರಿನ ಮೇಲೆ ನೆಟ್ಟ ತೇಲುಬುರುಡೆಗಳನ್ನು ಒಂದಾದ ಮೇಲೊಂದರಂತೆ ಸುತ್ತಿ ಗುರಿ ಮುಟ್ಟಬೇಕು. ಕನೇರಿ ದ್ವೀಪಗಳಲ್ಲೊಂದಾದ ಫ್ಯೂಯರ್ತೆವೆಂಚುರಾದ ಸೋಟಾವೆಂಟೊ ತೀರ ಇಂಥ ಪಂದ್ಯಗಳಿಗೆ ಪ್ರಸಿದ್ಧವಾಗಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಗಾಳಿ ಸಾಗುವ ಕಡೆಯ ಮಗ್ಗುಲು ಎಂದು ಅರ್ಥ. ವಾಣಿಜ್ಯ ಮಾರುತ ನೆಲವನ್ನು ದಾಟಿಕೊಂಡು ಬರುವುದರಿಂದ ಅಲ್ಲಿ ಗಾಳಿ ಒಂದೇ ಸಮನಾಗಿರದೆ ಹೊಡೆತ ಹೊಡೆತವಾಗಿ ಬೀಸುವುದು.

ಅಪಾಯವಿರುವುದು ಈ ಹೊಡೆತದಲ್ಲಿಯೇ. ಸವಾರ ಸೊಂಟಪಟ್ಟಿಯ ಕೊಕ್ಕೆಯನ್ನು ಹಿಡಿಗೋಲಿನ ಹಗ್ಗದ ಕುಣಿಕೆಗೆ ಸಿಕ್ಕಿಸಿಕೊಂಡು, ತನ್ನ ತೂಕದಿಂದಲೇ ಹಾಯಿಯ ಸೆಳೆತವನ್ನು ಎದುರಿಸುವನು. ಗಾಳಿಯ ವೇಗ ಸೆಕೆಂಡಿಗೆ 8 ಮೀಟರಿನಿಂದ 10 ಮೀಟರಿಗೆ ಏರಿತೆನ್ನೋಣ. ಗಾಳಿಯ ಬಲವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ನಿಂತ ಹಾಯಿಯ ಮೇಲಿನ ಬಲ 64ಕ್ಕೆ 100ರಂತೆ, ಎಂದರೆ ಒಂದೂವರೆ ಪಾಲಿಗೂ ಮೀರಿ ಬೆಳೆಯುವುದು. ಸಲಕರಣೆ ಹದವಾಗಿರದಿದ್ದರೆ ಸವಾರ ಕೊಕ್ಕೆಯ ಸಮೇತ ಕವಣೆಯ ಕಲ್ಲಿನಂತೆ ಮುಂದಕ್ಕೆ ಎಸೆಯಲ್ಪಡುವನು. ತೋಳಿನ ಬಲ ಇಲ್ಲಿ ಸಾಲದು. ಬಲಗಳು ಸರಿಯಾದ ಸ್ಥಳಗಳಲ್ಲಿ ಎರಗುವಂತೆ ದಡದಲ್ಲಿಯೇ ಏರ್ಪಾಡು ಮಾಡಿಕೊಂಡಿರಬೇಕು.

ಮೊದಲನೆಯದು ಹಾಯಿ. ಅದರ ಮೇಲೆ ಹರಡಿದ ಒತ್ತಡವೆಲ್ಲ ಒಂದೇ ಬಿಂದುವಿನಲ್ಲಿ ನೆಲಸಿದೆಯೆಂದು ನಾವು ಎಣಿಸಬಹುದು. ಅದನ್ನು ಬಲಕೇಂದ್ರವೆನ್ನೋಣ. ಹಾಯಿಯನ್ನು ಕಂಬದ ಬುಡಕ್ಕೆ ಎಳೆದು ಕಟ್ಟುವ ಹಗ್ಗ ಸಡಿಲವಾಗಿದ್ದರೆ, ಗಾಳಿಯ ಹೊಡೆತಕ್ಕೆ ಹಾಯಿಯ ಉಬ್ಬು ಹಿಂದಕ್ಕೆ ಜಾರಿ, ಬಲಕೇಂದ್ರವೂ ಅದರೊಡನೆ ಸರಿದು, ಹಿಂಗೈ ಜಗ್ಗಿದಂತಾಗುವುದು. ಹಗ್ಗವನ್ನು ಬಿಗಿದರೆ ಉಬ್ಬು ಮುಂದೆಯೇ ನಿಲ್ಲುವುದು. ಹಾಯಿಯ ಮೇಲ್ಭಾಗದ ಹಿಂದಂಚು ಸಡಿಲಗೊಂಡು, ಹೊಡೆತ ಬಂದಾಗ ತಾನೇ ಓರೆಯಾಗಿ ಹೆಚ್ಚಿನ ಗಾಳಿಯನ್ನು ಚೆಲ್ಲಿಬಿಡುವುದು.

ಎರಡನೆಯದು ಕಂಬದ ಬುಡ. ಹಿಡಿಗೋಲಿಗೆ ಜೋತುಬಿದ್ದ ಸವಾರನ ತೂಕದ ಒಂದು ಪಾಲು ಕಂಬದ ಮೂಲಕ ಹಲಗೆಗೆ ಇಳಿಯುವುದು. ಗಾಡಿಯ ಹೇರಿನ ಹೋಲಿಕೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಬುಡವನ್ನು ಮುಂದಕ್ಕೆ ಸರಿಸಿದರೆ ಹಲಗೆಯ ಮೂತಿ ತಗ್ಗಿ, ಹೆಚ್ಚು ಭಾಗ ನೀರಿಗೆ ತಾಗಿ, ಓಟ ಸ್ಥಿರವಾಗುವುದು. ಆದರೆ ಘರ್ಷಣೆ ಹೆಚ್ಚಿ ವೇಗ ಕುಗ್ಗುವುದು. ಹಿಂದಕ್ಕೆ ಸರಿಸಿದರೆ ಹಲಗೆ ಹಗುರಾಗಿ ಹಾರುವುದು. ಮೂತಿಯಡಿ ಗಾಳಿ ಹೊಕ್ಕರೆ ಮೇಲೆದ್ದು ಅಂಕೆ ತಪ್ಪುವುದೂ ಉಂಟು. ಒಂದು ಸೆಂಟಿಮೀಟರಿನಷ್ಟು ಸರಿಸಿದರೂ ಸವಾರನ ಕಾಲಿಗೆ ಆ ವ್ಯತ್ಯಾಸ ತಿಳಿಯುವುದು. ಹಿಡಿಗೋಲಿನ ಎತ್ತರವೂ ಹೀಗೆಯೇ. ಸಾಮಾನ್ಯವಾಗಿ ಅದು ಹೆಗಲಿನ ಮಟ್ಟದಲ್ಲಿರುವುದು. ಗಾಳಿ ಮಿತಿಮೀರಿದಾಗ ಸವಾರರು ಅದನ್ನು ಸ್ವಲ್ಪ ಇಳಿಸುವರು.

ಮೂರನೆಯದು ಈಜುರೆಕ್ಕೆ. ಹಾಯಿ ಹಲಗೆಯನ್ನು ಪಕ್ಕಕ್ಕೂ ತಳ್ಳುವುದಷ್ಟೆ; ಆ ತಳ್ಳಿಕೆಯನ್ನು ತಡೆಯುವುದು ರೆಕ್ಕೆಯ ಕೆಲಸ. ಅದರ ಬಲವೂ ವೇಗದ ವರ್ಗದಂತೆ ಏರುವುದು: ವೇಗ ಇಮ್ಮಡಿಯಾದರೆ ಅದೇ ಓರೆಯಲ್ಲಿ ಬಲ ನಾಲ್ಮಡಿ. ಆದುದರಿಂದ ಬಿರುಗಾಳಿಯ ದಿನ ಚಿಕ್ಕ ರೆಕ್ಕೆಯೇ ಸಾಕು. ರೆಕ್ಕೆ ಹಲಗೆಯ ಕೆಳಗಿರುವುದರಿಂದ ಅದು ಸನ್ನೆಕೋಲಿನಂತೆ ವರ್ತಿಸಿ, ಗಾಳಿ ಬರುವ ಕಡೆಯ ಅಂಚನ್ನು ಮೇಲಕ್ಕೆತ್ತುವುದು. ಆ ಅಂಚಿನ ಮೇಲೆ ನಿಂತ ಸವಾರನ ತೂಕವೇ ಇದಕ್ಕೆ ಎದುರುಭಾರ. ರೆಕ್ಕೆ ಅತಿ ಉದ್ದವಾದರೆ ಎದುರುಭಾರ ಸೋತು ಹಲಗೆ ಮಗುಚಲೆಳಸುವುದು. ಅತಿ ಗಿಡ್ಡವಾದರೆ ನೀರಿನ ಹಿಡಿತ ತಪ್ಪಿ ಹಿಂಭಾಗ ಪಕ್ಕಕ್ಕೆ ಜಾರುವುದು. ಅಗಲವಾದ ಹಲಗೆಯಲ್ಲಿ ಸವಾರ ನಡುಗೆರೆಯಿಂದ ದೂರ ನಿಲ್ಲಬಲ್ಲನಾದ್ದರಿಂದ ಅದಕ್ಕೆ ಉದ್ದ ರೆಕ್ಕೆ ಸಲ್ಲುತ್ತದೆ.

ಕೊನೆಯದು ಹಗ್ಗದ ಕುಣಿಕೆ. ಅದು ಬಲಕೇಂದ್ರಕ್ಕೆ ನೇರವಾಗಿದ್ದರೆ ಎರಡು ಕೈಗಳೂ ಹಗುರಾಗಿರುವುವು. ಹಿಂಗೈಗೆ ಭಾರ ತೋರಿದರೆ ಕುಣಿಕೆಯನ್ನು ಹಿಂದಕ್ಕೂ, ಮುಂಗೈಗೆ ತೋರಿದರೆ ಮುಂದಕ್ಕೂ ಸರಿಸಬೇಕು.

ಇವೆಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಹಿಂಗೈ ಜಗ್ಗಲು ಸಡಿಲ ಹಾಯಿಯೂ ಕಾರಣವಾಗಬಹುದು, ಮುಂದಾದ ಕುಣಿಕೆಯೂ ಕಾರಣವಾಗಬಹುದು. ಎರಡನ್ನೂ ಒಮ್ಮೆಗೇ ಬದಲಿಸಿದರೆ ದೋಷ ಯಾವುದರಲ್ಲಿತ್ತೆಂದು ತಿಳಿಯದು. ಆದುದರಿಂದ ಬಲ್ಲ ಸವಾರ ಪ್ರಯೋಗಶಾಲೆಯ ವಿದ್ಯಾರ್ಥಿಯಂತೆ ಒಂದನ್ನು ಮಾತ್ರ ಬದಲಿಸಿ, ಒಂದು ಸುತ್ತು ಹೋಗಿಬಂದು, ಕಂಡುದನ್ನು ಗುರುತು ಹಾಕಿಕೊಳ್ಳುವನು. ನಮ್ಮ ಗಾಡಿಯವನೂ ಮಾಡುವುದು ಅದನ್ನೇ: ಒಂದು ಮೂಟೆಯನ್ನು ಸರಿಸಿ, ನೊಗವನ್ನು ಕೈಯಿಂದ ಎತ್ತಿ ನೋಡಿ, ಆಮೇಲೆ ಮತ್ತೊಂದು ಮೂಟೆಗೆ ಕೈಹಾಕುವನು.