ದೂರದೇಶದಲ್ಲಿ ಮನಸ್ಸು ದಣಿದಾಗ ವಿಮೆಯ ಆಸರೆ

ಜರ್ಮನಿಯ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿ ಮುಗಿಸಿ ಕೋಣೆಗೆ ಮರಳಿದ ಮಗಳು ಮನೆಗೆ ಫೋನ್ ಮಾಡುತ್ತಾಳೆ. “ಏನಾದರೂ ತಿಂದೆಯಾ ಮಗಾ?” ಎಂದು ಅಮ್ಮ ಕೇಳಿದರೆ “ತಿಂದೆ ಅಮ್ಮ” ಎಂಬ ಉತ್ತರ ಬರುತ್ತದೆ. ವಾರಗಳಿಂದ ನಿದ್ದೆ ಹತ್ತದಿರುವುದು, ಕಾರಣವಿಲ್ಲದೆ ಕಣ್ಣು ತುಂಬಿಬರುವುದು, ಕೆಲಸಕ್ಕೆ ಹೊರಡುವಾಗ ಎದೆ ಬಡಿದುಕೊಳ್ಳುವುದು ಇವು ಯಾವುವೂ ಮಾತಿಗೆ ಬರುವುದಿಲ್ಲ. ಕಾಸರಗೋಡಿನ ಯಾವ ಮನೆಯಲ್ಲಿಯೂ ನಡೆಯಬಹುದಾದ ಸಂಭಾಷಣೆಯಿದು. ಹೆತ್ತವರಿಗೆ ಚಿಂತೆಯಾಗದಿರಲೆಂಬ ಕಾಳಜಿಯ ಜೊತೆಗೆ ಖರ್ಚಿನ ಭಯ, ಕೆಲಸ ಹೋದೀತೆಂಬ ಭಯ, ವೀಸಾ ರದ್ದಾದೀತೆಂಬ ಭಯಗಳೂ ಆ ಮೌನದ ಹಿಂದಿವೆ. ಈ ಮೂರಕ್ಕೂ ಅಲ್ಲಿನ ಕಾನೂನಿನಲ್ಲಿ ಉತ್ತರವಿದೆ.

ಕೇರಳ ಸರಕಾರದ ನೋರ್ಕಾ ರೂಟ್ಸ್ ಸಂಸ್ಥೆಯು 2021ರಲ್ಲಿ ಜರ್ಮನಿಯೊಡನೆ ‘ಟ್ರಿಪಲ್ ವಿನ್’ ಒಪ್ಪಂದಕ್ಕೆ ಸಹಿ ಹಾಕಿದ ಬಳಿಕ ಶುಶ್ರೂಷಕಿಯರಿಗೆ ಆ ದೇಶದ ಬಾಗಿಲು ಇನ್ನಷ್ಟು ತೆರೆಯಿತು. ಉನ್ನತ ವ್ಯಾಸಂಗಕ್ಕಾಗಿ ಹೋಗುವವರೂ ಇದ್ದಾರೆ. ಸಾಮಾನ್ಯ ಉದ್ಯೋಗಿಗಳು ಅಲ್ಲಿ ಶಾಸನಬದ್ಧ ಆರೋಗ್ಯ ವಿಮೆಯ ಸದಸ್ಯರಾಗುತ್ತಾರೆ. ವೇತನದ ಶೇ. 14.6ರಷ್ಟು ಮೂಲ ವಂತಿಗೆ ಮತ್ತು ಆಯಾ ವಿಮಾ ನಿಧಿ ವಿಧಿಸುವ ಹೆಚ್ಚುವರಿ ವಂತಿಗೆಯನ್ನು ಉದ್ಯೋಗಿ ಹಾಗೂ ಮಾಲಿಕರು ಸಮನಾಗಿ ಹಂಚಿಕೊಳ್ಳುತ್ತಾರೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೂ ಸಾಮಾನ್ಯವಾಗಿ 30 ವರ್ಷ ವಯಸ್ಸಿನವರೆಗೆ ಕಡಿಮೆ ದರದ ಇದೇ ವಿಮೆ ದೊರೆಯುತ್ತದೆ. ಮುರಿದ ಕೈಯಂತೆಯೇ ಕುಗ್ಗಿದ ಮನಸ್ಸಿನ ಚಿಕಿತ್ಸೆಯೂ ಇದರ ವ್ಯಾಪ್ತಿಯಲ್ಲಿದೆ.

ಮನೋಚಿಕಿತ್ಸಕರ ಮೊದಲ ಭೇಟಿಗೆ ಬೇರೆ ವೈದ್ಯರ ಶಿಫಾರಸು ಚೀಟಿ ಕಡ್ಡಾಯವಲ್ಲ. ವಿಮಾ ಕಾರ್ಡ್ ತೋರಿಸಿದರೆ ಸಾಕು. ಈ ಸಮಾಲೋಚನೆಯಲ್ಲಿ ಚಿಕಿತ್ಸೆಯ ಅಗತ್ಯವಿದೆಯೇ ಎಂಬುದು ನಿರ್ಧಾರವಾಗುತ್ತದೆ. ‘ಪಿಟಿವಿ 11’ ಎಂಬ ನಮೂನೆಯಲ್ಲಿ ಅದನ್ನು ಬರೆದು ಕೊಡುತ್ತಾರೆ. ಅನಂತರ ಪರಿಚಯದ ಕೆಲವು ಭೇಟಿಗಳು, ಬಳಿಕ ವಿಮಾ ನಿಧಿಗೆ ಅರ್ಜಿ. ಅಲ್ಪಾವಧಿ ಚಿಕಿತ್ಸೆಯಲ್ಲಿ 24 ಭೇಟಿಗಳವರೆಗೆ ಅವಕಾಶವಿದ್ದು, ಇವುಗಳಿಗೆ ರೋಗಿಯು ಪ್ರತ್ಯೇಕ ಪಾಲು ತೆರಬೇಕಾಗಿಲ್ಲ. ಆದರೆ ಚಿಕಿತ್ಸಕರು ಸರಕಾರಿ ಪರವಾನಗಿ ಪಡೆದು ವಿಮಾ ವ್ಯವಸ್ಥೆಗೆ ಸೇರಿದವರಾಗಿರಬೇಕು. ‘ಹೈಲ್‌ಪ್ರಾಕ್ಟಿಕರ್’ ಎಂಬ ಫಲಕ ಹಾಕಿಕೊಂಡವರಿಗೆ ಕೊಟ್ಟ ಹಣವನ್ನು ಶಾಸನಬದ್ಧ ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲ.

ಕೆಲಸದ ಭಯಕ್ಕೆ ಉತ್ತರವಿದು: ಚಿಕಿತ್ಸಕರು ರೋಗಿಯ ಗುಟ್ಟನ್ನು ಹೊರಗೆಡಹುವುದು ಅಲ್ಲಿನ ದಂಡಸಂಹಿತೆಯ 203ನೆಯ ಕಲಮಿನ ಪ್ರಕಾರ ಅಪರಾಧ. ಅನಾರೋಗ್ಯ ರಜೆಯ ವಿಚಾರದಲ್ಲಿಯೂ ಮಾಲಿಕರಿಗೆ ಕಾಯಿಲೆಯ ಹೆಸರು ತಿಳಿಯುವುದಿಲ್ಲ. ವೀಸಾದ ಮಟ್ಟಿಗೆ ಹೇಳುವುದಾದರೆ, ವಂತಿಗೆ ಕಟ್ಟಿ ಪಡೆಯುವ ಸೌಲಭ್ಯವನ್ನು ಅಲ್ಲಿನ ವಾಸ ಕಾನೂನು ಸರಕಾರದ ನೆರವಿನ ಮೇಲಿನ ಅವಲಂಬನೆಯೆಂದು ಎಣಿಸುವುದಿಲ್ಲ. ಆದರೂ ಒಂದು ಮಾತನ್ನು ಮುಚ್ಚಿಡಲಾಗದು. ಮುಂದೆ ಖಾಸಗಿ ಆರೋಗ್ಯ ವಿಮೆಗೆ ಅರ್ಜಿ ಹಾಕುವಾಗ ಹಿಂದಿನ ಚಿಕಿತ್ಸೆಯ ವಿವರ ಕೇಳುವುದುಂಟು; ಆಗ ಸತ್ಯವನ್ನೇ ಬರೆಯಬೇಕಾಗುತ್ತದೆ.

ಹಕ್ಕಿದ್ದರೂ ಸರದಿ ಉದ್ದವಾಗಿದೆ. ಚಿಕಿತ್ಸೆ ಆರಂಭವಾಗಲು ಹಲವು ತಿಂಗಳು ಕಾಯಬೇಕಾಗಬಹುದು. 116117 ಸಂಖ್ಯೆಗೆ ಕರೆಮಾಡಿದರೆ ಮೊದಲ ಸಮಾಲೋಚನೆಯ ದಿನ ಗೊತ್ತುಮಾಡಲು ನೆರವಾಗುತ್ತಾರೆ. ತುರ್ತು ಅಗತ್ಯವಿದ್ದೂ ವಿಮಾ ವ್ಯವಸ್ಥೆಯೊಳಗೆ ಸಕಾಲದಲ್ಲಿ ಚಿಕಿತ್ಸಕರು ದೊರೆಯದಿದ್ದರೆ, ಹೊರಗಿನ ಪರವಾನಗಿ ಪಡೆದ ಚಿಕಿತ್ಸಕರ ವೆಚ್ಚವನ್ನು ನಿಧಿಯಿಂದ ಕೇಳಲು ಸಾಮಾಜಿಕ ಸಂಹಿತೆಯ ಐದನೆಯ ಗ್ರಂಥದ 13(3)ನೆಯ ಕಲಮು ಅವಕಾಶ ನೀಡುತ್ತದೆ. ಯಾರಿಗೆ ಯಾವ ದಿನ ಕರೆ ಮಾಡಿದ್ದು, ಏನು ಉತ್ತರ ಬಂತು ಎಂಬ ಪಟ್ಟಿಯೇ ಇಲ್ಲಿ ಸಾಕ್ಷ್ಯ. ಚಿಕಿತ್ಸೆ ಆರಂಭಿಸುವ ಮೊದಲೇ ಅರ್ಜಿ ಸಲ್ಲಿಸಿ ಲಿಖಿತ ನಿರ್ಧಾರ ಪಡೆಯಬೇಕು. ಅರ್ಜಿ ತಿರಸ್ಕೃತವಾದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಆಕ್ಷೇಪ ಸಲ್ಲಿಸಬಹುದು. ಮುಂದೆ ಸಾಮಾಜಿಕ ನ್ಯಾಯಾಲಯಕ್ಕೆ ಹೋದರೂ ವಿಮಾದಾರರಿಗೆ ನ್ಯಾಯಾಲಯ ಶುಲ್ಕವಿಲ್ಲ.

ಕನ್ನಡ ಶಾಲೆಯಲ್ಲಿ ಕಲಿತವರಿಗೆ ಇನ್ನೊಂದು ತೊಡಕಿದೆ. ರೋಗಿಯ ರಕ್ತದೊತ್ತಡವನ್ನು ಜರ್ಮನ್ ಭಾಷೆಯಲ್ಲಿ ಹೇಳಬಲ್ಲವಳಿಗೆ ತನ್ನ ಸಂಕಟವನ್ನು ಅದೇ ಭಾಷೆಯಲ್ಲಿ ಹೇಳುವುದು ಸುಲಭವಲ್ಲ. ದುಭಾಷಿಯ ವೆಚ್ಚವನ್ನು ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಊರಿನ ಕನ್ನಡದ ಆಪ್ತಸಮಾಲೋಚಕರೊಡನೆ ವೀಡಿಯೊ ಕರೆಯಲ್ಲಿ ಮಾತನಾಡಿದರೆ ಸಮಾಧಾನ ಸಿಗಬಹುದು; ಅದರ ಶುಲ್ಕ ಮಾತ್ರ ಕೈಯಿಂದಲೇ ಹೋಗುತ್ತದೆ. ಇಂಗ್ಲಿಷಿನಲ್ಲಿ ಚಿಕಿತ್ಸೆ ನೀಡುವವರು ಅಲ್ಲಿ ಇದ್ದಾರೆ. ಕರೆ ಮಾಡುವಾಗಲೇ ಭಾಷೆಯನ್ನು ತಿಳಿಸುವುದು ಒಳ್ಳೆಯದು.

ಹೊರಡುವ ಮುನ್ನ ಮಾಡಬೇಕಾದ ಕೆಲಸವೂ ಒಂದಿದೆ. ಭಾಷಾ ತರಗತಿಗೆಂದು ಹೋಗುವವರು ಮೊದಲ ತಿಂಗಳುಗಳಿಗೆ ಕೊಳ್ಳುವ ಪ್ರವಾಸ ವಿಮೆಯಲ್ಲಿ ಮನೋಚಿಕಿತ್ಸೆಯನ್ನು ಕೈಬಿಟ್ಟಿರುವುದು ಅಥವಾ ತುರ್ತು ಚಿಕಿತ್ಸೆಗಷ್ಟೇ ಮಿತಿಗೊಳಿಸಿರುವುದು ಸಾಮಾನ್ಯ. ಭಾರತದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 21(4)ನೆಯ ಕಲಮು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆನ್ನುತ್ತದೆ ನಿಜ. ಆದರೆ ಊರಿನ ಸಾಮಾನ್ಯ ಪಾಲಿಸಿ ಹೊರದೇಶದ ಚಿಕಿತ್ಸೆಗೆ ನೆರವಾಗುವುದು ಅಪರೂಪ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಪೆಟ್ಟಿಗೆ ಸೇರುವ ದಿನವೇ ಪಾಲಿಸಿಯ ‘ಹೊರತುಪಡಿಸಿದವು’ ಎಂಬ ಪುಟವನ್ನು ಮನೆಯವರೆಲ್ಲ ಕುಳಿತು ಓದಬೇಕು.

ಅಪಾಯದ ಘಳಿಗೆಯಲ್ಲಿ ವಿಮೆಯ ಲೆಕ್ಕ ಬೇಡ. ಜರ್ಮನಿಯಲ್ಲಿ ತುರ್ತು ಸಂಖ್ಯೆ 112. ಮಕ್ಕಳ ಸ್ಥಿತಿ ಕಂಡು ಕಂಗೆಟ್ಟ ಹೆತ್ತವರು ಇಲ್ಲಿಂದ 14416ಕ್ಕೆ, ಅಂದರೆ ಕೇಂದ್ರ ಸರಕಾರದ ಟೆಲಿಮಾನಸ್ ಸಹಾಯವಾಣಿಗೆ, ಕರೆಮಾಡಬಹುದು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಆ ಸೇವೆ ಉಚಿತ. ಮುಂದಿನ ಸಲ ಫೋನ್ ಬಂದಾಗ ಊಟದ ವಿಚಾರಣೆಯ ಬಳಿಕ “ನಿದ್ದೆ ಬರುತ್ತದೆಯಾ ಮಗಾ?” ಎಂದೂ ಕೇಳಬೇಕು. ಅವಳು “ಇಲ್ಲ” ಎಂದರೆ ಬೈಯಬಾರದು, ಬುದ್ಧಿ ಹೇಳಬಾರದು. ವೈದ್ಯರನ್ನು ಕಾಣಲು ಅವಳಿಗೆ ಹಕ್ಕಿದೆ, ಅದಕ್ಕೆ ವಂತಿಗೆಯನ್ನೂ ಅವಳೇ ಕಟ್ಟಿದ್ದಾಳೆ ಎಂದು ನೆನಪಿಸಿದರೆ ಸಾಕು.